ಆರು ಚಿಪ್ಪುಗಳು

ಮುಂದಿನ ಹಲ್ಲು ಅಲುಗಾಡುತ್ತಿದೆಯೋ ಇಲ್ಲವೋ ಎಂದು ನಾಲಿಗೆಯ ತುದಿಯಿಂದ ತಳ್ಳಿ ನೋಡುವುದನ್ನು ಬಸ್ಸು ಹತ್ತಿದ ಮೇಲಾದರೂ ನಿಲ್ಲಿಸಬೇಕು ಎಂದುಕೊಂಡಿದ್ದಳು. ಆದರೆ ನಾಲಿಗೆ ಅವಳ ಮಾತು ಕೇಳುವ ಪೈಕಿಯಲ್ಲ. ಎದ್ದ ಕೂಡಲೇ ಅದು ತನ್ನ ಕೆಲಸಕ್ಕೆ ಹತ್ತಿಬಿಟ್ಟಿತ್ತು. ಮೇಲಿನ ಸಾಲಿನ ಎಡಗಡೆಯ ಮುಂಬಲ್ಲು. ತಳ್ಳಿದರೆ ಒಂದು ಕೂದಲೆಳೆಯಷ್ಟು ಮುಂದಕ್ಕೆ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬರುತ್ತದಲ್ಲ, ಅಷ್ಟು ಸಾಕು ಎಂದು ಆರು ತಿಂಗಳಿನಿಂದ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು. ಮಡಿಲಲ್ಲಿ ಕೈಚೀಲವಿತ್ತು. ಚೀಲದಲ್ಲಿ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹತ್ತಿಯ ಮೇಲೆ ಸಾಲಾಗಿ ಮಲಗಿಸಿದ ಆರು ಪಿಂಗಾಣಿ ಚಿಪ್ಪುಗಳು. ಹನ್ನೊಂದು ಗಂಟೆಗೆ ನಗುವಿನ ಡಾಕ್ಟರು ಈ ಆರನ್ನೂ ಅವಳ ಆರು ಮುಂಬಲ್ಲುಗಳ ಮೇಲೆ ಅಂಟಿಸುತ್ತಾರೆ; ಒಂದು ಗಂಟೆಗೆಲ್ಲ ಅವಳು ಬಾಯಿಬಿಟ್ಟು ನಗಬಲ್ಲ ಹೆಂಗಸಾಗಿ ಇದೇ ಬಸ್ಸಿನಲ್ಲಿ ವಾಪಸು ಬರುತ್ತಾಳೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಇದೆಂಥ ಆಸೆ ಎಂದು ಯಾರಾದರೂ ಕೇಳಿದರೆ ಕೊಡಬೇಕಾದ ಉತ್ತರವನ್ನೂ ಯೋಚಿಸಿಟ್ಟುಕೊಂಡಿದ್ದಳು, ಆದರೆ ಕೇಳಲು ಮನೆಯಲ್ಲಿ ಯಾರಿಗೂ ವಿಷಯ ಗೊತ್ತೇ ಇರಲಿಲ್ಲ. ಪಕ್ಕದ ಸೀಟಿನ ಹೆಂಗಸು ಇವಳ ಕಡೆ ತಿರುಗಿ ಮುಂದಿನ ನಿಲ್ದಾಣ ಯಾವುದೆಂದು ಕೇಳಿದಳು. ಇವಳು ಮಾಸ್ಕನ್ನು ಮೂಗಿನ ಮೇಲಕ್ಕೆ ಇನ್ನಷ್ಟು ಎಳೆದುಕೊಂಡು, ಗೊತ್ತಿಲ್ಲವೆಂದು ತಲೆಯಾಡಿಸಿದಳು. ಇಪ್ಪತ್ತೆರಡು ವರ್ಷ ಅದೇ ದಾರಿಯಲ್ಲಿ ಓಡಾಡಿದವಳಿಗೆ ನಿಲ್ದಾಣ ಗೊತ್ತಿಲ್ಲದೆ ಏನು.

ಅವಳು ಹಲ್ಲು ಮಾಡುವವಳು. ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಚ್ಚಿಗೆ ಪ್ಲಾಸ್ಟರ್ ಸುರಿದು ಬಾಯಿಯನ್ನು ಎಬ್ಬಿಸಿ ನಿಲ್ಲಿಸುವುದು ಪ್ಲಾಸ್ಟರಣ್ಣನ ಕೆಲಸ, ಆ ಬಿಳಿಯ ಬಾಯಿಗಳಿಗೆ ಹಲ್ಲು ಕಟ್ಟುವುದು ಇವಳ ಕೆಲಸ. ಪಿಂಗಾಣಿಯ ಪುಡಿಯನ್ನು ನೀರಿನಲ್ಲಿ ಕಲಸಿ, ಸಣ್ಣ ಕುಂಚದ ತುದಿಯಲ್ಲಿ ಎತ್ತಿಕೊಂಡು ಪದರದ ಮೇಲೆ ಪದರ ಇಡಬೇಕು; ಸುಟ್ಟಾಗ ಕುಗ್ಗುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ದಪ್ಪಗೆ ಕಟ್ಟಬೇಕು; ಎಷ್ಟು ದಪ್ಪಗೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಕೈ ಹೇಳುತ್ತದೆ. ಫರ್ನೇಸಿನ ಬಾಗಿಲು ಇಳಿದು ಚಿಪ್ಪುಗಳು ಕೆಂಪಗೆ ಹೊರಗೆ ಬರುತ್ತವೆ. ಆರುತ್ತ ಆರುತ್ತ ಅವುಗಳೊಳಗಿಂದ ಒಂದೊಂದೇ ಬಣ್ಣ ಏಳುತ್ತದೆ: ಬುಡದಲ್ಲಿ ಜೇನಿನ ಬಣ್ಣ, ನಡುವೆ ಹಾಲಿನದು, ತುದಿಯಲ್ಲಿ ಇದೆಯೋ ಇಲ್ಲವೋ ಎನ್ನುವ ನೀಲಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅವಳು ಇದನ್ನು ಉಸಿರು ಬಿಗಿಹಿಡಿಯದೆ ನೋಡಿಲ್ಲ. ತನ್ನ ಕೈಯಿಂದ ಆದದ್ದು ಎಂಬ ಹೆಮ್ಮೆ ಅದಲ್ಲ; ತನ್ನ ಕೈಯಿಂದ ಇದು ಹೇಗೆ ಆಯಿತು ಎಂಬ ಬೆರಗು. ತನ್ನ ಈ ಆರು ಚಿಪ್ಪುಗಳಿಗಂತೂ ಅವಳು ಎಂಟು ತಿಂಗಳು ತೆಗೆದುಕೊಂಡಿದ್ದಳು. ಊಟದ ಹೊತ್ತಿನಲ್ಲಿ, ಬೇರೆಯವರು ಹೊರಗೆ ಕೂತಿದ್ದಾಗ, ಆರಾರರ ಮೂರು ಸೆಟ್ಟು ಮಾಡಿ ಮೂರನ್ನೂ ಕಸಕ್ಕೆ ಹಾಕಿ, ನಾಲ್ಕನೆಯದನ್ನು ಉಳಿಸಿಕೊಂಡಿದ್ದಳು. ಆಕಾರಕ್ಕೆ ಮಾದರಿ ಮಗಳ ಹಲ್ಲು. ಮಗಳಿಗೆ ಹದಿನೇಳಾಗಿದ್ದಾಗ ಸುಮ್ಮನೆ ಖುಷಿಗೆಂದು ಅಚ್ಚು ತೆಗೆದು ಮಾಡಿಟ್ಟ ಪ್ಲಾಸ್ಟರಿನ ಬಾಯೊಂದು ಅವಳ ಮೇಜಿನ ಮೇಲೆ ಎರಡು ವರ್ಷದಿಂದ ಇತ್ತು. ಅಷ್ಟು ಚೆಂದದ ಸಾಲು ಯಾವ ಕ್ಲಿನಿಕ್ಕಿನಿಂದಲೂ ಬಂದಿರಲಿಲ್ಲ. ಅದನ್ನು ನೋಡಿ ನೋಡಿ ತನ್ನದನ್ನು ಕಟ್ಟಿದ್ದಳು. ಮಗಳಿಗೆ ಅಮ್ಮನ ಮುಖ ಬಂದಿದೆ ಎನ್ನುವುದನ್ನು ಎಲ್ಲರೂ ಕೇಳಿದ್ದಾರೆ, ಅಮ್ಮನಿಗೆ ಮಗಳ ಬಾಯಿ ಬರುವುದನ್ನು ಯಾರು ಕೇಳಿದ್ದಾರೆ ಎಂದು ಅವಳಿಗೆ ಒಳಗೊಳಗೇ ನಗು ಬಂತು, ಬಂದ ನಗು ಎಂದಿನ ಹಾಗೆ ತುಟಿಯ ಹಿಂದೆಯೇ ನಿಂತಿತು.

ತುಟಿ ಬಿಗಿಹಿಡಿದು ನಗುವುದನ್ನು ಕಲಿತು ಒಂಬತ್ತೋ ಹತ್ತೋ ವರ್ಷವಾಗಿರಬೇಕು. ಮೊದಮೊದಲು ಹಲ್ಲುಗಳ ಸಂದಿಯಲ್ಲಿ ಒಂದಿಷ್ಟು ಕಪ್ಪು, ಆಮೇಲೆ ಹಲ್ಲು ಉದ್ದವಾದಂತೆ, ಒಂದಕ್ಕೊಂದು ದೂರ ಸರಿದಂತೆ. ಅವಳ ತಾಯಿಗೂ ಹೀಗೇ ಆಗಿತ್ತು. ನಲವತ್ತೊಂಬತ್ತಕ್ಕೆ ಎಲ್ಲ ಹಲ್ಲುಗಳನ್ನೂ ಒಂದೇ ವಾರದಲ್ಲಿ ಕೀಳಿಸಿಕೊಂಡು ಬಂದ ತಾಯಿ, ಪೀಡೆ ತೊಲಗಿತು ಎಂದು ಬೊಚ್ಚುಬಾಯಲ್ಲಿ ನಕ್ಕಿದ್ದಳು. ಆದರೆ ನೋಟಕ್ಕಿಂತ ಕೆಟ್ಟದ್ದು ವಾಸನೆ. ಲ್ಯಾಬಿನಲ್ಲಿ ಧೂಳಿಗಾಗಿ ಮಾಸ್ಕು ಹಾಕುತ್ತಾರೆ, ಇವಳು ಧೂಳಿಲ್ಲದ ಕಡೆಯೂ ಹಾಕುತ್ತಾಳೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಕುಂಚ ಹಿಡಿಯುವುದನ್ನು ತೋರಿಸಲು ಬಗ್ಗಿದಾಗ ಅವಳು ಕುರ್ಚಿಯನ್ನು ಎರಡು ಬೆರಳಷ್ಟು ಹಿಂದೆ ಸರಿಸಿದ್ದಳು. ಮರುದಿನ ಇವಳ ಮೇಜಿನ ಮೇಲೆ ಒಂದು ಪುಟ್ಟ ಕಾಗದದ ಪೊಟ್ಟಣದಲ್ಲಿ ಏಲಕ್ಕಿ ಇತ್ತು. ಯಾರು ಇಟ್ಟರೆಂದು ಕೇಳುವ ಧೈರ್ಯ ಬರಲಿಲ್ಲ. ತಿನ್ನದೆ ಇರುವ ಧೈರ್ಯವೂ ಬರಲಿಲ್ಲ. ಗಂಡ ಮಾತ್ರ ಯಾವತ್ತೂ ಒಂದು ಮಾತು ಅಂದವನಲ್ಲ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ ಎಂದು ನಾಲ್ಕು ವರ್ಷದ ಹಿಂದೊಂದು ದಿನ ದಿಂಬು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಮೇಲೆ ಫ್ಯಾನು ಕೆಟ್ಟು ಎರಡು ತಿಂಗಳು ತಿರುಗದೆ ನಿಂತಿದ್ದಾಗಲೂ ಹಾಗೆಯೇ ಮಲಗುತ್ತಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಜೊತೆ ಜಗಳವಾಡುವುದಕ್ಕೂ ಆಗುವುದಿಲ್ಲ.

ತನ್ನ ಬಾಯಿಯ ಅಚ್ಚನ್ನು ಅವಳು ತಾನೇ ತೆಗೆದುಕೊಂಡಿದ್ದಳು. ಲ್ಯಾಬಿನ ಬಚ್ಚಲಿನ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, ಅಚ್ಚು ತೆಗೆಯುವ ಪುಟ್ಟ ಟ್ರೇಗೆ ಗುಲಾಬಿ ಬಣ್ಣದ ಅಂಟು ತುಂಬಿಸಿ ಬಾಯಿಗೆ ಒತ್ತಿಕೊಂಡು, ಗಟ್ಟಿಯಾಗುವವರೆಗೂ ಜೊಲ್ಲು ಸುರಿಸುತ್ತ ನಿಂತಿದ್ದಳು. ಅಷ್ಟರಲ್ಲಿ ಪ್ಲಾಸ್ಟರಣ್ಣ ಬಾಗಿಲು ತಟ್ಟಿ, ಎಷ್ಟೊತ್ತು ಎಂದು ಕೇಳಿದ. ಬಾಯಿ ತುಂಬ ಟ್ರೇ ಇಟ್ಟುಕೊಂಡು ಉತ್ತರ ಹೇಳುವುದು ಹೇಗೆ. ಇವಳು ಮೂಗಿನಿಂದಲೇ ಒಂದು ಸದ್ದು ಮಾಡಿದಳು, ಅವನು ಹೊಟ್ಟೆನೋವೆಂದುಕೊಂಡು ಅಯ್ಯೋ ಪಾಪ ಎಂದು ಹೊರಟುಹೋದ. ಅಚ್ಚನ್ನು ಎಳೆದು ತೆಗೆದಾಗ ಅದರ ಅಂಚಿನ ಗುಂಟ ರಕ್ತವಿತ್ತು, ಆರು ಹಲ್ಲುಗಳ ಸುತ್ತ ಆರು ಕೆಂಪು ಕಮಾನು. ಅವಳು ನಲ್ಲಿ ತಿರುಗಿಸಿ ಅದನ್ನು ತೊಳೆದಳು. ಕ್ಲಿನಿಕ್ಕುಗಳಿಂದ ಬರುವ ಅಚ್ಚುಗಳಲ್ಲಿ ರಕ್ತವಿರುವುದು ಮಾಮೂಲು. ಬಂದ ಕೂಡಲೇ ತೊಳೆಯುವುದು ಲ್ಯಾಬಿನ ಮೊದಲ ನಿಯಮ. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಬಾಯಿಗಳ ರಕ್ತ ಆ ತೊಟ್ಟಿಯಲ್ಲಿ ಹರಿದು ಹೋಗಿದೆಯೋ, ಒಂದು ದಿನವೂ ಅದು ಯಾಕೆ ಬಂತೆಂದು ಕೇಳಿಕೊಂಡಿದ್ದಿಲ್ಲ.

ನಗುವಿನ ಡಾಕ್ಟರಿಗೆ ಆ ಹೆಸರು ಇಟ್ಟದ್ದು ಲ್ಯಾಬಿನವರೇ. ಅವರ ಕ್ಲಿನಿಕ್ಕಿನ ಗೋಡೆಯ ತುಂಬ ನಗುವ ಬಾಯಿಗಳು, ಕಣ್ಣು ಮೂಗು ಯಾವುದೂ ಇಲ್ಲದೆ ಬರೀ ಬಾಯಿಗಳು. ಅವುಗಳಲ್ಲಿ ಮುಕ್ಕಾಲು ಪಾಲು ಇವಳು ಮಾಡಿದವು. ಬಸ್ಸಿಳಿದು ಬಂದು ಕಾಯುವ ಕುರ್ಚಿಯಲ್ಲಿ ಕೂತು ಅವಳು ಒಂದೊಂದನ್ನೇ ಗುರುತು ಹಿಡಿದಳು. ಆ ಮೂಲೆಯದು ಶಾಲೆಯ ಟೀಚರದು, ಕೋರೆಹಲ್ಲನ್ನು ಸ್ವಲ್ಪ ಮೊಂಡು ಮಾಡಿ ಕೊಡಿ ಎಂದು ಚೀಟಿ ಬಂದಿತ್ತು. ಇದು ವಾರ್ತೆ ಓದುವವಳದು. ಯಾರೊಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ. ಒಳಗೆ ಕರೆದಾಗ ಡಾಕ್ಟರು ಬಹಳ ಉಪಚಾರ ಮಾಡಿದರು, ನಮ್ಮ ಕಲಾವಿದೆ ಬಂದರು ಎಂದು ಸಹಾಯಕರಿಗೆಲ್ಲ ಪರಿಚಯ ಹೇಳಿದರು. ಡಬ್ಬಿ ತೆರೆದು ಒಂದು ಚಿಪ್ಪನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದನ್ನು ಅವಳು ಆ ತನಕ ಕಂಡಿರಲಿಲ್ಲ. ಆಮೇಲೆ ಅವಳು ಮಾಸ್ಕು ತೆಗೆದು ಬಾಯಿ ತೆರೆದಳು. ಡಾಕ್ಟರ ಮುಖ ಹಿಂದೆ ಸರಿಯಲಿಲ್ಲ, ಕಸುಬು ಬಲ್ಲವರು. ಆದರೆ ಅವರ ಪಕ್ಕದ ಸಹಾಯಕಿಯ ಹುಬ್ಬು ಒಂದು ಕ್ಷಣ ಮೇಲೆ ಹೋಗಿ ಇಳಿದದ್ದನ್ನು ಅವಳು ದೀಪದ ಅಂಚಿನಲ್ಲಿ ನೋಡಿದಳು. ಹಲ್ಲಿನ ಬುಡವನ್ನು ಹತ್ತಿಯಲ್ಲಿ ಒರೆಸಿದರು, ಹತ್ತಿ ಕೆಂಪಾಯಿತು. ಇನ್ನೊಂದು ತೆಗೆದುಕೊಂಡರು, ಅದೂ ಕೆಂಪಾಯಿತು. ರಕ್ತವಿದ್ದರೆ ಅಂಟು ಹಿಡಿಯುವುದಿಲ್ಲ, ಮೇಲಿನ ಮಹಡಿಯಲ್ಲಿ ವಸಡಿನ ಡಾಕ್ಟರಮ್ಮ ಇದ್ದಾರೆ, ರಕ್ತ ನಿಲ್ಲುವುದಕ್ಕೆ ಏನಾದರೂ ಹಚ್ಚಿ ಕಳಿಸುತ್ತಾರೆ, ಅರ್ಧ ಗಂಟೆಯಲ್ಲಿ ಹೋಗಿ ಬಂದುಬಿಡಿ ಎಂದರು. ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬಾ ಎನ್ನುವಷ್ಟು ಸಲೀಸಾಗಿ.

ವಸಡಿನ ಡಾಕ್ಟರಮ್ಮನ ಕೋಣೆಯ ಗೋಡೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಅರವತ್ತು ದಾಟಿದ ಹೆಂಗಸು, ಕನ್ನಡಕದ ಮೇಲೆ ಇನ್ನೊಂದು ದಪ್ಪ ಕನ್ನಡಕ ಇಳಿಬಿಟ್ಟುಕೊಂಡಿದ್ದರು. ಹಚ್ಚುವ ಔಷಧಿಯ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲು ಅಳೆಯೋಣ ಎಂದರು. ಸೂಜಿಯ ಹಾಗಿದ್ದರೂ ತುದಿ ಮೊಂಡಾದ, ಮೈಮೇಲೆ ಗೆರೆಗಳಿದ್ದ ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿದರು. ಅಲ್ಲಿ ಇಳಿಸಲು ಜಾಗವಿದೆ ಎಂಬುದೇ ಅವಳಿಗೆ ಹೊಸ ವಿಷಯ. ಒಂದು ಹಲ್ಲಿನ ಸುತ್ತ ಆರು ಕಡೆ ಇಳಿಸಿ, ಇಳಿಸಿದಲ್ಲೆಲ್ಲ ಒಂದು ಸಂಖ್ಯೆ ಹೇಳುತ್ತಿದ್ದರು, ಬಾಗಿಲ ಬಳಿ ಕೂತ ಸಹಾಯಕಿ ಬರೆದುಕೊಳ್ಳುತ್ತಿದ್ದಳು. ನಾಲ್ಕು. ಆರು. ಐದು. ಮೂರು ಮಿಲಿಮೀಟರಿನ ತನಕ ಸರಿ, ಅದರ ಮೇಲೆ ಹೋದರೆ ಹಲ್ಲನ್ನು ಹಿಡಿದುಕೊಂಡದ್ದು ಅಷ್ಟು ಬಿಟ್ಟಿದೆ ಅಂತ ಅರ್ಥ ಎಂದು ನಡುವೆ ಹೇಳಿದರು. ಎಡ ಮುಂಬಲ್ಲಿಗೆ ಬಂದಾಗ ಕಡ್ಡಿ ಇಳಿಯುತ್ತಲೇ ಹೋಯಿತು. ನೋವಿರಲಿಲ್ಲ, ಅದಕ್ಕೇ ಹೆದರಿಕೆಯಾದದ್ದು. ತನ್ನ ಮನೆಯೊಳಗೆ ತನಗೆ ಗೊತ್ತಿಲ್ಲದ ಕೋಣೆಯೊಂದರಲ್ಲಿ ಯಾರೋ ಮೆಟ್ಟಿಲಿಳಿಯುತ್ತಿರುವ ಹಾಗೆ. ಏಳು ಎಂದರು ಡಾಕ್ಟರಮ್ಮ. ಸಹಾಯಕಿ ಏಳು ಎಂದು ತಿರುಗಿ ಹೇಳಿ ಬರೆದುಕೊಂಡಳು. ಲ್ಯಾಬಿನಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಾಗಿ ತಾನು ಇಡೀ ದಿನ ಕೂತು ಉಜ್ಜುವುದು ಅವಳಿಗೆ ನೆನಪಾಯಿತು. ತನ್ನ ಬಾಯಿಯೊಳಗೇ ಏಳು ಮಿಲಿಮೀಟರ್ ಕತ್ತಲೆ ಇತ್ತು.

ಡಾಕ್ಟರಮ್ಮ ಆ ಏಳರ ತಳದಿಂದ ಏನನ್ನೋ ಕಾಣದಷ್ಟು ತೆಗೆದು ಗಾಜಿನ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕದಡಿ ತಳ್ಳಿದರು. ಪಕ್ಕದ ಪರದೆ ಬೆಳಗಿತು. ಮೊದಲು ಬರೀ ಬೂದು ಬಣ್ಣ, ಆಮೇಲೆ ಡಾಕ್ಟರಮ್ಮ ತಿರುಪನ್ನು ಸ್ವಲ್ಪ ತಿರುಗಿಸಿದ್ದೇ ತಡ ಬೂದು ಬಣ್ಣಕ್ಕೆ ಜೀವ ಬಂತು. ಚುಕ್ಕೆಗಳು ನಡುಗುತ್ತಿದ್ದವು. ಉದ್ದನೆಯ ಕಡ್ಡಿಗಳು ತಮಗೇನೋ ಕೆಲಸವಿದೆ ಎಂಬಂತೆ ನೇರ ಹೋಗಿ, ತಡೆದು, ತಿರುಗಿ ಮತ್ತೆ ಹೋಗುತ್ತಿದ್ದವು. ಅವುಗಳ ನಡುವೆ ಸುರುಳಿಗಳು, ಎಷ್ಟೋ ಸುರುಳಿಗಳು, ಮೈಯನ್ನೇ ತಿರುಪಿಕೊಂಡು ನುಗ್ಗುತ್ತಿದ್ದವು. ಒಂದು ಕಡೆ ಅವೆಲ್ಲ ಗುಂಪು ಸೇರಿ ಗಾಳಿಗೆ ಸಿಕ್ಕ ಹುಲ್ಲಿನಂತೆ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿದ್ದವು. ಅಸಹ್ಯವಾಗಬೇಕಿತ್ತು. ಅಸಹ್ಯವಾಗುತ್ತದೆಂದು ಅವಳು ಕಾದಳು, ಆಗಲಿಲ್ಲ. ಬಾಯಿ ತೆರೆದದ್ದು ತೆರೆದೇ ಇತ್ತು, ಮುಚ್ಚಿಕೊಳ್ಳುವ ನೆನಪು ಒಂಬತ್ತು ವರ್ಷದಲ್ಲಿ ಮೊದಲ ಸಲ ತಪ್ಪಿತ್ತು. ಇಷ್ಟೆಲ್ಲ ನನ್ನೊಳಗಾ ಎಂದು ಕೇಳಿದಳು. ಇದು ಸೂಜಿಯ ಮೊನೆಯಷ್ಟರಲ್ಲಿ ಇರೋದು ಎಂದರು ಡಾಕ್ಟರಮ್ಮ, ಅವುಗಳಿಗೇನು ನಿಮ್ಮ ಮೇಲೆ ದ್ವೇಷವಿಲ್ಲ, ಬೆಚ್ಚಗೆ ಕತ್ತಲೆಯ ಜಾಗ ಸಿಕ್ಕಿದೆ, ಸಂಸಾರ ಹೂಡಿವೆ. ಅವಳು ಪರದೆಯ ಹತ್ತಿರಕ್ಕೆ ಹೋದಳು. ಎರಡು ದಶಕ ಸತ್ತ ಪುಡಿಯನ್ನು ಜೀವವಿದ್ದಂತೆ ಕಾಣಿಸುವುದಕ್ಕೆ ಹೆಣಗಿದ ತಾನು ತುಟಿ ಬಿಗಿಹಿಡಿದುಕೊಂಡು ಇಷ್ಟೊಂದು ಜೀವವನ್ನು ಹೊತ್ತು ಬಸ್ಸಿನಲ್ಲಿ ಓಡಾಡಿದ್ದಳು.

ಹಲ್ಲನ್ನು ನೆಟ್ಟಿದ್ದಾರೆ ಅಂದುಕೊಂಡಿದ್ದೀರಿ ಅಲ್ವಾ ಎಂದು ಡಾಕ್ಟರಮ್ಮ ಕೈ ತೊಳೆಯುತ್ತ ಕೇಳಿದರು. ಹೌದು, ಗೋಡೆಗೆ ಮೊಳೆ ಹೊಡೆದ ಹಾಗೆ ಎಂದೇ ಅವಳು ಅಂದುಕೊಂಡಿದ್ದಳು. ಪ್ಲಾಸ್ಟರಿನಲ್ಲಿ ಹಾಗೆಯೇ ಇರುತ್ತದೆ. "ನೆಟ್ಟಿದ್ದಲ್ಲಮ್ಮ ಅದು. ತೂಗುಹಾಕಿದ್ದು. ಸುತ್ತ ಮೂಳೆಯಿಂದ ಸಾವಿರಾರು ಎಳೆಗಳು ಬಂದು ಹಿಡ್ಕೊಂಡಿರ್ತವೆ. ನೀವು ಅಗಿದಾಗೆಲ್ಲ ಹಲ್ಲು ಅದರಲ್ಲಿ ಒಂಚೂರು ತೂಗುತ್ತೆ. ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕರೆ ತಕ್ಷಣ ಗೊತ್ತಾಗುತ್ತಲ್ಲ, ಅದು ಆ ಎಳೆಗಳು ಹೇಳೋದು." ನಿಮ್ಮ ಈ ಹಲ್ಲಿಗೆ ಅರ್ಧಕ್ಕಿಂತ ಹೆಚ್ಚು ಎಳೆ ಹೋಗಿದೆ, ಉಳಿದವು ಇನ್ನೂ ಹಿಡಿದುಕೊಂಡಿವೆ ಎಂದರು. ಎಷ್ಟು ವರ್ಷದಿಂದ ಎಂದು ಅವಳು ಕೇಳಿದಳು. ಹತ್ತು ವರ್ಷ ಅಂತಿಟ್ಟುಕೊಳ್ಳಿ ಎಂದರು. ಹತ್ತು ವರ್ಷ ಯಾರೂ ನೋಡದ ಕಡೆ ಒಂದೊಂದೇ ಎಳೆ ಬಿಡುತ್ತ, ಬಿಡದೆ ಉಳಿದದ್ದು ಬಿಟ್ಟದ್ದರ ಭಾರವನ್ನೂ ಹೊರುತ್ತ, ಅವಳು ಮಾತಾಡಿದಾಗ, ಅತ್ತಾಗ, ಮಲಗಿದಾಗ ಹಿಡಿದುಕೊಂಡೇ ಇತ್ತು. ನಾಲಿಗೆ ತಾನಾಗಿಯೇ ಆ ಹಲ್ಲಿನ ಕಡೆ ಹೊರಟಿತು, ಮುಟ್ಟುವುದಕ್ಕೆ ಸಂಕೋಚಪಟ್ಟುಕೊಂಡು ನಿಂತಿತು.

ಚಿಪ್ಪಿನ ಮಾತು ಬಂದದ್ದು ಕೊನೆಗೆ. ಡಾಕ್ಟರಮ್ಮ ಡಬ್ಬಿಯನ್ನು ನೋಡಿ, ಬಹಳ ಚೆನ್ನಾಗಿದೆ, ನೀವೇ ಮಾಡಿದ್ದಾ ಎಂದರು. ಆಮೇಲೆ, ಅಚ್ಚು ತೆಗೆದಾಗ ವಸಡು ಹೀಗೇ ಊದಿತ್ತಾ ಎಂದರು. ಊದಿತ್ತು ಎಂಬುದು ಅವಳಿಗೆ ಆಗಲೇ ತಿಳಿದದ್ದು. ಪ್ಲಾಸ್ಟರಿನ ಬಾಯಲ್ಲಿ ವಸಡೂ ಬಂದಿರುತ್ತದೆ, ಹಲ್ಲು ಕಟ್ಟುವ ಮೊದಲು ಅದನ್ನು ಚಾಕುವಿನಿಂದ ಕೆತ್ತಿ ಕಸದ ಬುಟ್ಟಿಗೆ ಉದುರಿಸುವುದು ಅವರ ಕೆಲಸದ ಕ್ರಮ. ಇಲ್ಲದಿದ್ದರೆ ಹಲ್ಲಿನ ಅಂಚು ಕಾಣುವುದಿಲ್ಲ. ವಸಡೆಂದರೆ ಅವಳಿಗೆ ಅಂಚನ್ನು ಮರೆಮಾಡುವ ಅಡ್ಡಿ, ಅಷ್ಟೆ. ತನ್ನದನ್ನೂ ಹಾಗೆಯೇ ಕೆತ್ತಿ ಬುಟ್ಟಿಗೆ ಹಾಕಿ, ಊದಿದ ವಸಡು ಎಲ್ಲಿ ಮುಗಿದಿತ್ತೋ ಅಲ್ಲಿಂದ ಚಿಪ್ಪು ಶುರುಮಾಡಿದ್ದಳು. ಚಿಕಿತ್ಸೆಯಾದರೆ ಊತ ಇಳಿಯುತ್ತದೆ, ವಸಡು ಎರಡು ಮಿಲಿಮೀಟರಾದರೂ ಮೇಲೆ ಹೋಗುತ್ತದೆ, ಚಿಪ್ಪು ಇದ್ದಲ್ಲೇ ಇರುತ್ತದೆ, ನಡುವೆ ಹಳದಿ ಬೇರು ಕಾಣುತ್ತದೆ. ಸುಟ್ಟ ಪಿಂಗಾಣಿ ಮತ್ತೆ ಬೆಳೆಯುವುದಿಲ್ಲ. ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ವರ್ಷದ ಹುಡುಗರಿಗೆ ಬೈದು ಬೈದು ಕಲಿಸುವ ಪಾಠ ಅದು: ಅಚ್ಚು ಸರಿಯಿಲ್ಲದಿದ್ದರೆ ವಾಪಸು ಕಳಿಸು, ಅದರ ಮೇಲೆ ಹಲ್ಲು ಕಟ್ಟಬೇಡ. ಈಗ ಚಿಪ್ಪು ಅಂಟಿಸಿ ಆಮೇಲೆ ಚಿಕಿತ್ಸೆ ಮಾಡಿಸಿದರೆ ಎಂದು ಕೇಳಿದಳು. ಅಂಟಿಸಿದ ಮೇಲೆ ಮಾಡಿಸೋರನ್ನು ನಾನು ನೋಡಿಲ್ಲ ಎಂದರು ಡಾಕ್ಟರಮ್ಮ, ಚೆಂದ ಕಂಡ ಮೇಲೆ ಯಾರೂ ಈ ಮಹಡಿ ಹತ್ತಿ ಬರೋದಿಲ್ಲ, ಈ ಹಲ್ಲು ಚಿಪ್ಪಿನ ಸಮೇತ ಒಂದು ದಿನ ಕೈಗೆ ಬರುತ್ತೆ. ಚಿಕಿತ್ಸೆ ಮಾಡಿದರೆ ಉಳಿಯುತ್ತದಾ ಎಂದದ್ದಕ್ಕೆ, ಉಳಿಯಬಹುದು, ಆದರೆ ಉದ್ದ ಕಾಣುತ್ತೆ, ಸಂದಿ ಕಾಣುತ್ತೆ, ಈಗಿರೋದಕ್ಕಿಂತ ನೋಡೋಕೆ ಕೆಟ್ಟದಾಗೇ ಇರುತ್ತೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಕಾಗದ ಎಳೆದುಕೊಂಡು, ಇದು ಮನೆತನದಲ್ಲಿ ಬರೋದೂ ಉಂಟು, ನಿಮ್ಮ ತಾಯಿಗೆ ಇತ್ತಾ ಎಂದು ಕೇಳಿದರು. ಇತ್ತು ಎಂದಳು. ಮಕ್ಕಳಿದ್ದಾರಾ, ಹಲ್ಲುಜ್ಜುವಾಗ ರಕ್ತ ಬರುತ್ತೆ ಅಂತ ಯಾವಾಗಾದರೂ ಹೇಳಿದ್ದುಂಟಾ ಎಂದರು. ಮಗಳೊಬ್ಬಳಿದ್ದಾಳೆ, ಹಾಗೇನೂ ಇಲ್ಲ ಎಂದು ಅವಳು ಹೇಳಿದಳು. ಅಷ್ಟು ಬೇಗ ಇಲ್ಲ ಎಂದದ್ದು ಅವಳಿಗೇ ವಿಚಿತ್ರವೆನಿಸಿತು. ಯೋಚಿಸಿ ಹೇಳುತ್ತೇನೆಂದು, ಚಿಕಿತ್ಸೆಗೆ ಯಾವಾಗ ಬರಬೇಕೆಂಬುದನ್ನೂ ಕೇಳದೆ, ಮೆಟ್ಟಿಲಿಳಿದಳು.

ಕೆಳಗೆ ನಗುವಿನ ಡಾಕ್ಟರು ಸಿದ್ಧವಾಗಿದ್ದರು. ಮೇಲಿನವರು ಹೇಳಿದ್ದನ್ನು ಅವಳು ಅರ್ಧಂಬರ್ಧ ಹೇಳಿದಳು. ಅವರು ಹೇಳೋದು ಸರಿಯೇ, ಪುಸ್ತಕದ ಪ್ರಕಾರ ಹಾಗೇ ಮಾಡಬೇಕು, ಆದರೆ ಎಂಟು ತಿಂಗಳ ಕೆಲಸ, ನಿಮ್ಮಿಷ್ಟ, ನಾಲ್ಕೈದು ವರ್ಷಕ್ಕಂತೂ ಮೋಸವಿಲ್ಲ ಎಂದು ಅವರು ಬಹಳ ಪ್ರೀತಿಯಿಂದಲೇ ಹೇಳಿದರು. ಮೊದಲು ಅಂಟಿಲ್ಲದೆ ಸುಮ್ಮನೆ ಕೂರಿಸಿ ನೋಡೋಣ, ನೋಡಿದ ಮೇಲೆ ನೀವೇ ಹೇಳುತ್ತೀರಿ. ಒಂದೊಂದು ಹನಿ ಜೆಲ್ಲು ಹಚ್ಚಿ ಒಂದೊಂದೇ ಚಿಪ್ಪನ್ನು ಒತ್ತಿದರು. ಎಲ್ಲವೂ ಕೂತವು, ಅಷ್ಟು ನಿಖರವಾಗಿ, ಬಾಗಿಲಿಗೆ ಅಗುಳಿ ಬಿದ್ದ ಹಾಗೆ. ಕೈಗನ್ನಡಿ ಕೊಟ್ಟರು. ಅವಳು ತುಟಿ ತೆರೆದಳು, ಕನ್ನಡಿಯೊಳಗೆ ಮಗಳು ನಕ್ಕಳು. ನಲವತ್ತೆಂಟರ ಮುಖದ ಸುಕ್ಕುಗಳ ನಡುವೆ ಹದಿನೇಳರ ಬಾಯಿ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ. ಎಷ್ಟು ಚೆಂದವಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಆ ಚೆಂದದ ಮೇಲಂಚಿನಲ್ಲಿ ವಸಡು ಕೆಂಪಗೆ, ಹೊಳೆಯುತ್ತ, ದಪ್ಪಗೆ ಉಬ್ಬಿ ನಿಂತಿತ್ತು. ಬಿಳಿಯ ಪಕ್ಕದಲ್ಲಿ ಕೆಂಪು ಮೊದಲಿಗಿಂತ ಎದ್ದು ಕಾಣುತ್ತಿತ್ತು. ಈ ಬಾಯಿಯನ್ನು, ಇದೇ ಹಲ್ಲಿನ ಮೇಲೆ ಇದೇ ಕೆಂಪನ್ನು, ಅವಳು ಮೊದಲೂ ಕಂಡಿದ್ದಳು. ಬಚ್ಚಲಿನ ಬಾಗಿಲಲ್ಲಿ ಬ್ರಷ್ಷು ಹಿಡಿದು ನಿಂತಿದ್ದ ಮಗಳು, ಹದಿನೇಳರವಳು, ಗುಲಾಬಿ ಬಣ್ಣದ ನೊರೆಯನ್ನು ತೋರಿಸಿ, ಅಮ್ಮ ನೋಡು ದಿನಾ ಹೀಗೇ ಬರ್ತಿದೆ ಎಂದಿದ್ದಳು. ಇವಳು ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ್ದಳು, ಬಹಳ ಹೊತ್ತು ನೋಡಿದ್ದಳು. ಅಂಚು ಎಷ್ಟು ಚೆಂದ, ತುದಿಯ ನೀಲಿ ಎಷ್ಟು ಸಹಜ, ಇದನ್ನೊಂದು ಅಚ್ಚು ತೆಗೆದಿಟ್ಟುಕೊಳ್ಳಬೇಕು ಎಂದುಕೊಳ್ಳುತ್ತ ನೋಡಿದ್ದಳು. ಏನೂ ಆಗಿಲ್ಲ ನಿಂಗೆ, ಮೆಲ್ಲಗೆ ಉಜ್ಜು, ಎಲ್ಲರಿಗೂ ಬರುತ್ತೆ ಎಂದಿದ್ದಳು. ಅಮ್ಮ ಹಲ್ಲಿನ ಕೆಲಸದವಳು. ಮಗಳು ಇನ್ಯಾರನ್ನು ಕೇಳಬೇಕಿತ್ತು. ಆಮೇಲೆ ಆ ಮಾತು ಮನೆಯಲ್ಲಿ ಮತ್ತೆ ಬಂದಿರಲಿಲ್ಲ. ಮುಂದಿನ ವಾರ ತೆಗೆದ ಅಚ್ಚಿನಲ್ಲಿದ್ದ ರಕ್ತವನ್ನೂ ಇವಳು ನಲ್ಲಿಯ ಕೆಳಗೆ ಹಿಡಿದು ತೊಳೆದಿದ್ದಳು.

ತೆಗೆಯಿರಿ ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ, ಬಣ್ಣ ಹೆಚ್ಚಾಯಿತಾ ಎಂದು ಕೇಳಿದರು. ಬಣ್ಣ ಸರಿಯಾಗಿದೆ, ಎಲ್ಲ ಸರಿಯಾಗಿದೆ, ತೆಗೆಯಿರಿ ಎಂದು ಅವಳು ಮತ್ತೆ ಹೇಳಿದಳು. ಆ ಕುರ್ಚಿಯಲ್ಲಿ ಕೂತು ಇಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಆರು ಚಿಪ್ಪುಗಳು ಒಂದೊಂದಾಗಿ ಹತ್ತಿಗೆ ಮರಳಿದವು. ಮಗಳು ಎರಡು ನಿಲ್ದಾಣದಾಚೆಯ ಕಾಲೇಜಿನಲ್ಲಿ ನೆಲ ಅಳೆಯುವ ಸರ್ವೆ ಕೆಲಸ ಕಲಿಯುತ್ತಿದ್ದಳು, ಮಧ್ಯಾಹ್ನದ ಬಿಡುವಿನ ಹೊತ್ತು. ಇವಳು ಫೋನು ಮಾಡಿದಾಗ ಮಗಳು ಗಾಬರಿಯಾಗಿ, ಯಾರಿಗೇನಾಯ್ತು ಅಂದಳು. ಯಾರಿಗೂ ಏನೂ ಆಗಿಲ್ಲ ಎನ್ನಲು ಹೊರಟು ಅವಳು ತಡೆದುಕೊಂಡಳು. ಬಾ, ಬಂದ ಮೇಲೆ ಹೇಳ್ತೀನಿ ಎಂದಳು. ಆಮೇಲೆ ಮೆಟ್ಟಿಲು ಹತ್ತಿ ಡಾಕ್ಟರಮ್ಮನ ಬಾಗಿಲಲ್ಲಿ ನಿಂತು, ಮಗಳ ವಿಷಯದಲ್ಲಿ ಆಗ ನಾನು ಸುಳ್ಳು ಹೇಳಿದೆ ಎಂದಳು. ಡಾಕ್ಟರಮ್ಮ ತಿನ್ನುತ್ತಿದ್ದ ಹಣ್ಣನ್ನು ಕೆಳಗಿಟ್ಟು, ಎಷ್ಟು ವರ್ಷ ಹುಡುಗಿಗೆ ಎಂದಷ್ಟೇ ಕೇಳಿದರು.

ಮಗಳು ಬರುವ ಹೊತ್ತಿಗೆ ಬರೆಯುವ ಸಹಾಯಕಿ ಊಟಕ್ಕೆ ಹೋಗಿದ್ದಳು. ನೀವೇ ಬರೆದುಕೊಳ್ಳಿ, ನಿಮಗೆ ಹಲ್ಲಿನ ನಂಬರು ಗೊತ್ತಲ್ಲ ಎಂದು ಡಾಕ್ಟರಮ್ಮ ಕಾಗದ ಪೆನ್ನು ಇವಳ ಕೈಗೇ ಕೊಟ್ಟರು. ಮಗಳು ಕುರ್ಚಿಯಲ್ಲಿ ಒರಗಿ, ಪಾದ ಅಲ್ಲಾಡಿಸುತ್ತ, ದೀಪದ ಕೆಳಗೆ ಬಾಯಿ ತೆರೆದಳು. ಎರಡು. ಮೂರು. ಎರಡು. ಇವಳು ಬರೆದಳು. ಕಡ್ಡಿ ಹೋದಲ್ಲೆಲ್ಲ ಒಂದು ಕ್ಷಣ ತಡೆದು ರಕ್ತದ ಪುಟ್ಟ ಮಣಿಯೊಂದು ಮೂಡುತ್ತಿತ್ತು. ಇಷ್ಟು ವರ್ಷ ತೊಳೆದು ಕಳೆದದ್ದು ಹುಟ್ಟುವ ಜಾಗವನ್ನು ಅವಳು ಮೊದಲ ಬಾರಿ ನೋಡುತ್ತಿದ್ದಳು. ಹಲ್ಲಿನ ಕೊರಳು ಹಿಡಿದು ನಿಂತ ಆ ತೆಳು ಅಂಚು, ಅದರ ಬಣ್ಣ, ಮುಟ್ಟಿದರೆ ಬೆಳ್ಳಗಾಗಿ ಬಿಟ್ಟರೆ ಮತ್ತೆ ಕೆಂಪಗಾಗುವುದು. ಯಾವ ಪುಡಿಯಿಂದಲೂ ತಾನು ಇದನ್ನು ಕಟ್ಟಲಾರೆ ಎಂದು ಅವಳಿಗೆ ಅನಿಸಿತು. ಮೂರು. ಮೂರು. ಐದು. ಪೆನ್ನು ನಿಂತಿತು. "ಐದು," ಎಂದು ಡಾಕ್ಟರಮ್ಮ ಮತ್ತೊಮ್ಮೆ ಹೇಳಿದರು, ಅವಳು ಬರೆದಳು. ಇಡೀ ಬಾಯಿಯಲ್ಲಿ ನಾಲ್ಕು ಕಡೆ ಐದು ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಈ ವಯಸ್ಸಿನಲ್ಲಿ ಇದು ಹೇಳಿದ ಮಾತು ಕೇಳುತ್ತೆ, ಎರಡು ವರ್ಷ ಬಿಟ್ಟು ಬಂದಿದ್ದರೆ ಕೇಳ್ತಿರಲಿಲ್ಲ ಎಂದರು. ಮಗಳು ಎದ್ದು ಕೂತು ಬಾಯಿ ಮುಕ್ಕಳಿಸಿ ಉಗುಳಿ, ಉಗುಳಿದ್ದನ್ನು ನೋಡಿ, ತಿರುಗಿ ಅಮ್ಮನನ್ನು ನೋಡಿದಳು.

"ನೀನು ಅವತ್ತು ನೋಡಿ ಏನೂ ಇಲ್ಲ ಅಂದಿದ್ದೆ."

"ನಾನು ನೋಡಿರ್ಲಿಲ್ಲ," ಎಂದಳು.

ಮಗಳು ಕಾಗದವನ್ನು ಅಮ್ಮನ ಕೈಯಿಂದ ತೆಗೆದುಕೊಂಡು, ಅವಳ ಅಕ್ಷರದಲ್ಲಿದ್ದ ತನ್ನ ಬಾಯಿಯ ಸಂಖ್ಯೆಗಳ ಮೇಲೆ ಕಣ್ಣಾಡಿಸಿದಳು. ಹೊಲಗದ್ದೆಗಳ ಅಳತೆಯನ್ನು ಒಬ್ಬರು ಕೂಗಿದರೆ ಇನ್ನೊಬ್ಬರು ಬರೆದುಕೊಳ್ಳುವುದನ್ನೇ ದಿನಾ ಕಲಿಯುವ ಹುಡುಗಿ. ಐದು ಬಂದ ನಾಲ್ಕು ಕಡೆಗೂ ಬೆರಳಿಟ್ಟು ನೋಡಿದಳು. ಆಮೇಲೆ ನಿಂದು ಎಷ್ಟು ಎಂದು ಕೇಳಿದಳು. ಮುಂದಿನ ಆರನ್ನು ಮಾತ್ರ ಅಳೆದಿದ್ದೇವೆ, ಪೂರ್ತಿ ಅಳೆಯಬೇಕು ಎಂದು ಡಾಕ್ಟರಮ್ಮನೇ ಉತ್ತರ ಕೊಟ್ಟರು. "ಈಗ್ಲೇ ಅಳೀರಿ," ಎಂದಳು ಮಗಳು, ಕುರ್ಚಿಯಿಂದಿಳಿದು ಜಾಗ ಬಿಟ್ಟುಕೊಡುತ್ತ. "ನೀನು ಕೂತ್ಕೋಮ್ಮ. ನಾನು ಬರ್ಕೋತೀನಿ."

ಕುರ್ಚಿ ಮಗಳ ಮೈಯಿಂದ ಇನ್ನೂ ಬೆಚ್ಚಗಿತ್ತು. ದೀಪ ಮುಖದ ಮೇಲೆ ಬಂದಾಗ ತುಟಿಗಳು ಹಳೆಯ ಅಭ್ಯಾಸದಿಂದ ಬಿಗಿದುಕೊಂಡವು, ಅವನ್ನು ಬಿಡಿಸುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಿಡಿಸಿದ ಮೇಲೆ ಬಾಯಿ ಪೂರ್ತಿ ತೆರೆಯಿತು. ಮಗಳು ಹಿಂದೆ ಸರಿಯಲಿಲ್ಲ. ಡಾಕ್ಟರಮ್ಮನ ಭುಜದ ಮೇಲಿನಿಂದ ಬಗ್ಗಿ, ಹುಟ್ಟಿದಂದಿನಿಂದ ತನ್ನೊಡನೆ ಮಾತಾಡಿದ ಆ ಬಾಯಿಯ ಒಳಗನ್ನು ಕಣ್ಣರಳಿಸಿ ನೋಡಿದಳು. ಆರು, ಎಂದರು ಡಾಕ್ಟರಮ್ಮ. ಮಗಳು ಆರು ಎಂದು ತಿರುಗಿ ಹೇಳಿ ಬರೆದಳು. ಆರು. ಐದು. ಹಿಂದಿನ ದವಡೆಗೆ ಹೋದಾಗ ಕಡ್ಡಿ ಇಳಿಯಿತು, ಇನ್ನೂ ಇಳಿಯಿತು. ಒಂಬತ್ತು. ಮಗಳ ದನಿ ಏಳಲಿಲ್ಲ, ಪೆನ್ನಿನ ಸದ್ದೂ ಬರಲಿಲ್ಲ. ಬಾಯಿಯಲ್ಲಿ ಕಡ್ಡಿಯಿದ್ದುದರಿಂದ ಅವಳು ಮಾತಾಡುವಂತಿರಲಿಲ್ಲ. ಕೈ ಚಾಚಿ ಮಗಳ ಮೊಣಕೈ ಮುಟ್ಟಿ, ಬರಿ ಎಂದು ಒತ್ತಿದಳು. ಒಂಬತ್ತು ಎಂದು ಮಗಳು ಹೇಳಿದಳು, ಬರೆದುಕೊಂಡು, ಮುಂದಿನದಕ್ಕೆ ಕಾದಳು.